ಪರದೆಯ ಈಚೆಯಿಂದ

ಮಾರ್ಚ್ ೪, ಸೋಮವಾರ

ಅಮ್ಮ ಮನೆಗೆ ಬಂದಳು. ಬಂದಳು ಎನ್ನುವುದಕ್ಕಿಂತ ಹೊತ್ತು ತಂದೆವು ಎನ್ನಬೇಕು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡವಳಿಗೆ ಆಪರೇಷನ್ ಆಗಿ, ಹೊಲಿಗೆಯನ್ನೂ ಬಿಚ್ಚಿ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿದರು. ಕಳಿಸುವಾಗ ನನ್ನ ಬೆನ್ನು ತಟ್ಟಿ, "ನಿಮ್ಮ ಮನೆಗೆ ಕಳ್ಸೋಕೆ ನನಗೇನ್ರೀ ಚಿಂತೆ, ಪಟ್ಟಿ ಮಾಸ್ತರೇ!" ಎಂದರು. ಆಸ್ಪತ್ರೆಯಲ್ಲಿ ನನ್ನನ್ನು ಕರೆಯುವುದೇ ಹಾಗೆ. ಡ್ರೆಸಿಂಗ್ ರೂಮಿನಲ್ಲೇ ಕೂದಲು ಬೆಳ್ಳಗಾದವನು ನಾನು. ಸುಟ್ಟದ್ದು, ಕೊಯ್ದದ್ದು, ಕೊಳೆತದ್ದು, ಎಲ್ಲಕ್ಕೂ ಪಟ್ಟಿ ಕಟ್ಟಿದ್ದೇನೆ. ಹೊಸದಾಗಿ ಬರುವ ಸಿಸ್ಟರುಗಳಿಗೆ ಕಲಿಸುವವನೂ ನಾನೇ.

ಇನ್ನು ಅಮ್ಮನಿಗೆ ತಿಂಗಳುಗಟ್ಟಲೆ ಮಂಚವೇ ಗತಿ. ಅಂಥವರಿಗೆ ಮುರಿದ ಮೂಳೆಗಿಂತ ಹೆಚ್ಚಿನ ಶತ್ರು ಹಾಸಿಗೆ ಹುಣ್ಣು. ಮಲಗಿದ ಕಡೆಯೇ ಮಲಗಿದ್ದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿ ಚರ್ಮ ಸತ್ತುಹೋಗುತ್ತದೆ. ಅದಕ್ಕೆಂದೇ ಗಾಯ ಆಗುವ ಮೊದಲೇ ಹಚ್ಚುವ ಪಟ್ಟಿ ಬಂದಿದೆ. ಸ್ಪಂಜಿನ ಹಾಗೆ ಮೆತ್ತಗಿರುತ್ತದೆ, ಸುತ್ತ ನಯವಾದ ಅಂಟಿನ ಅಂಚು. ಆ ಅಂಚನ್ನು ಎತ್ತಿ ಚರ್ಮ ನೋಡಿ ಮತ್ತೆ ಅಂಟಿಸಬಹುದು. ನಾನು ಅದನ್ನು ಕವಚ ಎನ್ನುತ್ತೇನೆ. ಹಚ್ಚಬೇಕಾದದ್ದು ಬೆನ್ನಿನ ತೀರ ಕೆಳಗೆ. ಅಂದರೆ, ಆ ಜಾಗಕ್ಕೆ.

ಪೀಕಲಾಟ ಶುರುವಾದದ್ದು ಇಲ್ಲೇ. ಗುರುತು ಪರಿಚಯ ಇಲ್ಲದ ಹೆಂಗಸರಿಗೆ, ಪಕ್ಕದಲ್ಲಿ ಸಿಸ್ಟರನ್ನು ನಿಲ್ಲಿಸಿಕೊಂಡು, ಕೈ ನಡುಗದೆ ಮಾಡಿದ್ದೇನೆ. ಆದರೆ ಇವಳು ಅಮ್ಮ. ಮಗನ ಕೈಯಲ್ಲಿ ಇಂಥದ್ದನ್ನು ಮಾಡಿಸಿಕೊಳ್ಳುವುದೆಂದರೆ ಅಮ್ಮ ನಾಚಿಕೆಯಿಂದಲೇ ಪ್ರಾಣ ಬಿಟ್ಟಾಳು. ಅವಳ ಮಾನ ಉಳಿಸುವುದು ನನಗೆ ಬಿಟ್ಟ ವಿಷಯ. ಹಳೆಯ ಕಿಟಕಿ ಪರದೆಯೊಂದನ್ನು ಹುಡುಕಿ ತೆಗೆದು, ಬೀರುವಿನಿಂದ ಕಿಟಕಿಯ ಸರಳಿಗೆ ಹಗ್ಗ ಬಿಗಿದು, ಮಂಚಕ್ಕೆ ಅಡ್ಡ ಎಳೆದೆ. ಒಳಗೆ ನನ್ನವಳು, ಹೊರಗೆ ಸ್ಟೂಲಿನ ಮೇಲೆ ನಾನು.

"ಕೈ ತೊಳ್ಕೊಂಡ್ಯಾ?"

"ಹೂಂ ರೀ."

"ಚರ್ಮ ಒಣಗಿದೆಯಾ? ಪಸೆ ಇದ್ರೆ ಅಂಟಲ್ಲ."

"ಒಣಗಿದೆ."

"ಮೊದಲು ನಡುವಿನ ಕಾಗದ ಬಿಡಿಸು. ಮೂಳೆ ಮೇಲೆ ಕೂರಿಸಿ, ಆಮೇಲೆ ಅಕ್ಕಪಕ್ಕಕ್ಕೆ ಸವರಿಕೊಂಡು ಹೋಗು. ಎಳೀಬೇಡ. ಎಳೆದು ಅಂಟಿಸಿದ್ರೆ ಚರ್ಮಾನೂ ಎಳೆಯುತ್ತೆ."

ಒಳಗಿನಿಂದ ಅಮ್ಮನ ಧ್ವನಿ ಬಂತು: "ಊರ ಹುಡುಗರ ಚಡ್ಡಿಗೆಲ್ಲ ಹಿಂದುಗಡೆ ತೇಪೆ ಹಾಕಿದೋಳು ನಾನು. ಈಗ ನನಗೇ ತೇಪೆ ಹಾಕ್ತಿದ್ದೀರಲ್ರೋ!"

ಹೊಲಿಗೆ ಯಂತ್ರ ತುಳಿದೇ ನನ್ನನ್ನೂ ಅಕ್ಕನನ್ನೂ ಸಾಕಿದವಳು ಅಮ್ಮ. ಸೊಸೆ ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. ನಾಚಿಕೆ ಮುಚ್ಚಿಕೊಳ್ಳಲು ತಮಾಷೆ ಮಾಡುತ್ತಾಳೆ, ಪಾಪ.

ಮಾರ್ಚ್ ೭, ಗುರುವಾರ

ಕೆಲಸ ಸುಸೂತ್ರ ನಡೆಯುತ್ತಿದೆ. ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುವ ಮೊದಲು ಒಮ್ಮೆ, ಸಂಜೆ ಬಂದಮೇಲೆ ಒಮ್ಮೆ. ನಾನು ಸ್ಟೂಲಿನ ಮೇಲೆ ಕೂತು ಹೇಳುತ್ತೇನೆ, ಇವಳು ಒಳಗೆ ಅಂಚು ಎತ್ತಿ ನೋಡಿ ವರದಿ ಒಪ್ಪಿಸುತ್ತಾಳೆ. ಕೆಂಪು ಇಲ್ಲ, ಒದ್ದೆ ಇಲ್ಲ, ಬಿರುಕಿಲ್ಲ. ನಡುನಡುವೆ ದಿಂಬು ಕೊಟ್ಟು ಮಗ್ಗಲು ತಿರುಗಿಸುವುದನ್ನೂ ಕಲಿಸಿದ್ದೇನೆ. ಇವಳು ಓದಿದ್ದು ಕಡಿಮೆಯಾದರೂ ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾಳೆ. ಅದು ನನಗೆ ಹಿಡಿಸುತ್ತದೆ.

ಟೀ ಕುಡಿಯುವಾಗ ಹೆಡ್ ಸಿಸ್ಟರ್‌ಗೆ ನನ್ನ ಪರದೆಯ ಏರ್ಪಾಟನ್ನು ವಿವರಿಸಿದೆ. ಮೆಚ್ಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಕಪ್ಪು ಕೆಳಗಿಟ್ಟು ಬಿದ್ದು ಬಿದ್ದು ನಕ್ಕರು.

"ಏನು ಮಾಸ್ತರೇ ಇದು, ರೇಡಿಯೋದಲ್ಲಿ ಆಟದ ಕಾಮೆಂಟರಿ ಹೇಳೋ ಹಾಗೆ! ಆಟ ನೋಡದೇ ಇರೋನು ಕಾಮೆಂಟರಿ ಹೇಳೋದು ಇದೇ ಮೊದಲು ಬಿಡಿ. ನಾನು ಒಂದ್ಸಲ ಬಂದು ನೋಡ್ಲಾ?"

"ಏನೂ ಬೇಡ, ಎಲ್ಲಾ ಚೆನ್ನಾಗೇ ಇದೆ," ಎಂದೆ. ಸ್ವಲ್ಪ ಮುಖ ಊದಿಸಿಕೊಂಡೇ ಹೇಳಿದೆ ಅನ್ನಿಸುತ್ತದೆ.

ಮಾರ್ಚ್ ೧೨, ಮಂಗಳವಾರ

ಇವತ್ತು ಬೆಳಿಗ್ಗೆ ವಾರ್ಡಿನಲ್ಲಿ ಜನ ಜಾಸ್ತಿ ಎಂದು ಬೇಗ ಹೊರಡುವ ಅವಸರದಲ್ಲಿದ್ದೆ. ಷೂ ಹಾಕಿಕೊಳ್ಳುತ್ತಲೇ ಸ್ಟೂಲಿನ ಮೇಲೆ ಕೂತಿದ್ದೆ. ಒಳಗೆ ಇವಳು ಅಂಚು ಎತ್ತಿದಳು.

"ರೀ, ಇಲ್ಲೊಂದು ಕಡೆ ಕಪ್ಪಗಿದೆ. ಕಪ್ಪು ಅಂದ್ರೆ ಒಂಥರಾ ನೇರಳೆ ಬಣ್ಣ. ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟುತ್ತಲ್ಲ, ಹಾಗೆ."

"ಬೆರಳಲ್ಲಿ ಒತ್ತಿ ಬಿಡು. ಬಿಟ್ಟಾಗ ಬಿಳಿ ಆಗಿ ಮತ್ತೆ ಬಣ್ಣ ಬರತ್ತಾ?"

"ಇಲ್ಲ. ಹಾಗೇ ಇದೆ."

"ಸರಿಯಾಗಿ ಒತ್ತು."

"ಒತ್ತಿದೆ ರೀ. ಬಿಳಿ ಆಗ್ತಿಲ್ಲ. ನೀವೇ ಒಂದ್ಸಲ ಬಂದು ನೋಡಿಬಿಡಿ, ಅತ್ತೆ ಏನೂ ಅನ್ಕೊಳಲ್ಲ."

ಅವಳು ಹಾಗೆಂದದ್ದೇ ತಡ, ನನಗೆ ಎಲ್ಲಿತ್ತೋ ಸಿಟ್ಟು. "ಒತ್ತೋಕೂ ಬರಲ್ಲ ನಿನಗೆ! ಮಲಗಿ ಮಲಗಿ ಕಲೆ ಬಿದ್ದಿರತ್ತೆ. ಪದೇಪದೇ ಕಿತ್ತು ನೋಡಿದ್ರೆ ಅಂಟು ಹೋಗತ್ತೆ, ಶನಿವಾರದವರೆಗೆ ಮುಟ್ಟಬೇಡ. ಪಟ್ಟಿ ಇದೆಯಲ್ಲ ಕಾಯೋಕೆ!" ಎಂದು ಗದರಿಬಿಟ್ಟೆ. ಪರದೆಯ ಆಚೆಯಿಂದ ಅಂಚನ್ನು ಒತ್ತಿ ಸವರುವ ಸದ್ದು ಕೇಳಿಸಿತು.

ಒತ್ತಿದಾಗ ಬಿಳಿಯಾಗದ ನೇರಳೆ ಕಲೆ ಎಂದರೇನು ಎಂದು ಹೋದ ವಾರವಷ್ಟೇ ಹೊಸ ಸಿಸ್ಟರುಗಳಿಗೆ ಪಾಠ ಮಾಡಿದ್ದೆ. ಮೇಲೆ ಕಲೆ, ಒಳಗೆ ಮಾಂಸ ಸಾಯುತ್ತಿರುತ್ತದೆ ಎಂದಿದ್ದೆ. ಆದರೆ ಕಂಡವಳು ಇವಳಲ್ಲವೇ? ಇವಳಿಗೆ ಬಣ್ಣದ ವ್ಯತ್ಯಾಸ ಏನು ಗೊತ್ತಾಗುತ್ತದೆ? ಕಿಟಕಿಯ ಬೆಳಕೂ ಅಲ್ಲಿ ಸರಿಯಾಗಿ ಬೀಳುವುದಿಲ್ಲ.

ಮಾರ್ಚ್ ೧೪, ಗುರುವಾರ

ಅಮ್ಮ ಎಂದಿನಂತೆ ಇದ್ದಾಳೆ. ಮಾತು ಸ್ವಲ್ಪ ಕಡಿಮೆಯಾಗಿದೆ. ನೋವಾ ಅಂದರೆ ಇಲ್ಲ ಎನ್ನುತ್ತಾಳೆ. ಪರದೆಯ ಈಚೆಯಿಂದಲೇ ಕೇಳಿದ್ದು.

ಮಾರ್ಚ್ ೧೬, ಶನಿವಾರ

ಮನೆಯಲ್ಲಿ ವಾಸನೆ.

ಸಂಜೆ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿಯಿತು. ಆಸ್ಪತ್ರೆಯಲ್ಲಿ ನನ್ನ ಮೂಗಿಗೆ ದೊಡ್ಡ ಹೆಸರು. ಪಟ್ಟಿ ಬಿಚ್ಚುವ ಮೊದಲೇ, ಬಾಗಿಲಲ್ಲೇ ನಿಂತು, ಈ ಗಾಯ ಕೆಟ್ಟಿದೆ, ಇದು ಕೆಟ್ಟಿಲ್ಲ ಎಂದು ಹೇಳಿಬಿಡುತ್ತೇನೆ. ಡಾಕ್ಟರು ಹೊಸಬರಿಗೆ ನನ್ನನ್ನು ತೋರಿಸಿ ತಮಾಷೆ ಮಾಡುವುದುಂಟು. ಅಂಥ ಮೂಗಿನವನು ನಾನು ಸೀದಾ ಬಚ್ಚಲಿಗೆ ಹೋಗಿ ಚರಂಡಿ ಕಟ್ಟಿದೆ ಎಂದು ಕೂಗಾಡಿದೆ. ಕೆಳಗಿನ ಬೀದಿಯ ಪ್ಲಂಬರನನ್ನು ಕರೆಸಿದೆ. ಅವನು ಉದ್ದನೆಯ ತಂತಿ ಬಿಟ್ಟು ತಿರುವಿ ತೆಗೆದು, ಸುತ್ತ ಮೂಸಿ ನೋಡಿ, "ಏನೂ ಕಟ್ಟಿಲ್ಲ ಸಾರ್, ನೀರು ಸಲೀಸಾಗಿ ಹೋಗ್ತಿದೆ. ವಾಸನೆ ರೂಮಿಂದ ಬರ್ತಿದೆ ನೋಡಿ," ಎಂದ. ನಾನು ಅವನಿಗೆ ನಿನ್ನ ಕೆಲಸ ನೀನು ಮಾಡು ಎಂದೆ.

ಪಟ್ಟಿ ಬದಲಾಯಿಸುವ ದಿನ ಇವತ್ತೇ. ಇವಳು ಹೊಸ ಪಟ್ಟಿ ಕೈಯಲ್ಲಿ ಹಿಡಿದು ಪರದೆಯ ಬಳಿ ನಿಂತಿದ್ದಳು. ನಾಳೆ ನೋಡೋಣ ಎಂದೆ. ಯಾಕೆ ಹಾಗೆಂದೆ ಎಂದು ಬರೆಯಲು ನನಗೆ ಧೈರ್ಯ ಇಲ್ಲ.

ಮಾರ್ಚ್ ೧೮, ಸೋಮವಾರ

ಅಮ್ಮನಿಗೆ ಜ್ವರ. ನಿನ್ನೆ ಇವಳು ನನ್ನನ್ನು ಕೇಳದೆಯೇ ಹಳೆ ಪಟ್ಟಿ ಬಿಡಿಸಿದ್ದಾಳೆ. ಬಿಡಿಸಿದವಳೇ ಬಾಯಿಗೆ ಕೈ ಒತ್ತಿಕೊಂಡು ಹೊರಗೆ ಬಂದಳು.

"ಕಲೆ ಅಲ್ಲ ರೀ ಅದು. ಬಾಯಿ ಬಿಟ್ಟಿದೆ."

ಏನು ಹೇಳಬೇಕೋ ಎಲ್ಲ ಹೇಳಿದೆ: ಉಪ್ಪುನೀರಿನ ಸೀಸೆ ಎಲ್ಲಿದೆ, ಹೇಗೆ ತೊಳೆಯಬೇಕು, ಗಾಜ್ ಬಟ್ಟೆ ಹೇಗೆ ಮಡಚಿ ತುಂಬಬೇಕು. ಸ್ಟೂಲಿನ ಮೇಲಿಂದಲೇ ಜೋರಾಗಿ ಹೇಳಿದೆ. ಇವಳು ಅಳುತ್ತ ಅಳುತ್ತ ಮಾಡಿದಳು. ಅಮ್ಮ "ಸ್ಸ್" ಎಂದದ್ದು ಒಂದೇ ಸಲ.

ಇವತ್ತು ಜ್ವರ ನೋಡಿ ಇವಳು, "ಹೆಡ್ ಸಿಸ್ಟರನ್ನಾದ್ರೂ ಕರೀರಿ, ಅವರು ಹೆಂಗಸಲ್ವಾ, ನಿಮಗೇನು ಸಂಕೋಚ?" ಎಂದು ಕೈ ಮುಗಿದಳು. ನಾನು ಬೇಡ ಎಂದೆ. ಜ್ವರದ ಮಾತ್ರೆ ಕೊಟ್ಟೆ. ಹೆಡ್ ಸಿಸ್ಟರ್ ಬಂದು ನೋಡಿದರೆ ನಾಳೆ ಬೆಳಿಗ್ಗೆ ಟೀ ಹೊತ್ತಿಗೆ ಇಡೀ ಆಸ್ಪತ್ರೆಗೆ ಗೊತ್ತಾಗುತ್ತದೆ. ಊರಿಗೆಲ್ಲ ಪಟ್ಟಿ ಕಟ್ಟುವವನ ಮನೆಯಲ್ಲಿ ಹೆತ್ತವಳು ಹಾಸಿಗೆ ಹುಣ್ಣಿನಲ್ಲಿ ಮಲಗಿದ್ದಾಳೆ ಎಂದರೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ? ಪಾಠ ಕೇಳಲು ಯಾರು ನನ್ನೆದುರು ನಿಲ್ಲುತ್ತಾರೆ?

ಮೇಲಿನ ಸಾಲುಗಳನ್ನು ಓದಿಕೊಂಡೆ. ಅಮ್ಮನ ಜ್ವರ ಎಷ್ಟಿದೆ ಎಂದು ಬರೆಯುವುದೇ ಮರೆತಿದ್ದೇನೆ.

ಮಾರ್ಚ್ ೧೯, ಮಂಗಳವಾರ

ಅಕ್ಕ ಬಂದಳು. ಬರುತ್ತೇನೆಂದು ಹೇಳಿರಲಿಲ್ಲ. ಇವಳೇ ಫೋನ್ ಮಾಡಿ ಕರೆಸಿದ್ದು ಎಂದು ಆಮೇಲೆ ಗೊತ್ತಾಯಿತು. ಬ್ಯಾಗು ಕೆಳಗಿಡದೆ ಪರದೆ ಸರಿಸಿ ಒಳಗೆ ಹೋದಳು, ಹೊದಿಕೆ ಎತ್ತಿದಳು, ಹೊರಗೆ ಬಂದಳು.

"ಕೊಳೆಸಿಬಿಟ್ಟಿದ್ದೀಯಲ್ಲೇ ನಮ್ಮಮ್ಮನ್ನ! ಅವನು ಲೋಕಕ್ಕೆಲ್ಲ ಪಟ್ಟಿ ಕಟ್ಟಿ ಬದುಕಿಸ್ತಾನೆ, ಮನೇಲಿ ಒಂದು ಪಟ್ಟಿ ನೋಡ್ಕೊಳ್ಳೋಕೆ ನಿನ್ನ ಕೈಲಾಗಲಿಲ್ವಾ? ಹೆತ್ತ ತಾಯಿ ಆಗಿದ್ರೆ ಹೀಗೆ ಬಿಡ್ತಿದ್ಯಾ?"

ಬಾಯಿಗೆ ಬಂದದ್ದೆಲ್ಲ ಅಂದಳು. ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಆಗ ನಾನು ಮಾತಾಡಬೇಕಿತ್ತು. ಮಾತಾಡಿದೆ ಕೂಡ.

"ಹೋಗ್ಲಿ ಬಿಡಕ್ಕ," ಎಂದೆ, "ಅವಳಿಗೇನು ಗೊತ್ತಾಗತ್ತೆ ಪಾಪ."

ಸುಮ್ಮನಿದ್ದಿದ್ದರೂ ಒಳ್ಳೆಯದಿತ್ತು.

ಮಾರ್ಚ್ ೨೦, ಬುಧವಾರ

ಅಕ್ಕನೇ ಆಂಬುಲೆನ್ಸ್ ತರಿಸಿ ಅಮ್ಮನನ್ನು ಸೇರಿಸಿದಳು. ನನ್ನದೇ ಆಸ್ಪತ್ರೆ, ನನ್ನದೇ ವಾರ್ಡು. ಸ್ಟ್ರೆಚರಿನ ಹಿಂದೆ ನಾನು ತಲೆ ತಗ್ಗಿಸಿ ನಡೆಯುತ್ತಿದ್ದರೆ ಬಾಗಿಲು ಕಾಯುವವನೂ ಎದ್ದು ನಿಂತು ನಮಸ್ಕಾರ ಹೇಳಿದ. ಅವನ ಮುಖ ನೋಡಲಾಗಲಿಲ್ಲ.

ಡಾಕ್ಟರು ಅಮ್ಮನನ್ನು ಪರೀಕ್ಷೆ ಮಾಡಿ ಬಂದು ಕೈಗವಸು ತೆಗೆಯುತ್ತ ಕೇಳಿದರು, "ಇಷ್ಟು ದಿನ ಮನೇಲಿ ಯಾರ್ರೀ ಡ್ರೆಸಿಂಗ್ ಮಾಡ್ತಿದ್ದಿದ್ದು?"

"ನನ್ನ ಹೆಂಡತಿ, ಸರ್."

"ಅದೇ ಅಂದ್ಕೊಂಡೆ. ನೀವು ನೋಡಿದ್ದಿದ್ರೆ ಹೀಗಾಗೋಕೆ ಬಿಡ್ತಿರಲಿಲ್ಲ. ಡ್ಯೂಟಿ ಮೇಲೆ ಡ್ಯೂಟಿ, ನಿಮಗಾದ್ರೂ ಪುರುಸೊತ್ತು ಎಲ್ಲಿ?"

ಸುಳ್ಳು ಹೇಳಲಿಲ್ಲ. ಮಾಡಿದ್ದು ಅವಳೇ. ಡಾಕ್ಟರ ಹಿಂದೆ ನಿಂತಿದ್ದ ಹೆಡ್ ಸಿಸ್ಟರ್ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿ, ಮತ್ತೆ ಔಷಧಿಯ ಚೀಟಿ ಬರೆಯತೊಡಗಿದರು. ಅವರಿಗೆ ಪರದೆಯ ವಿಷಯ ಗೊತ್ತು. ನಾನೇ ಹೇಳಿ ಮೆರೆದದ್ದಲ್ಲವೇ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಆ ಮಾತು ಎಷ್ಟು ಸರಿಯಾಗಿದೆ.

ಮಾರ್ಚ್ ೨೧, ಗುರುವಾರ

ಡಾಕ್ಟರು ಸತ್ತ ಮಾಂಸ ಕತ್ತರಿಸಿ ತೆಗೆದರು. ಆ ಹೊತ್ತಿಗೆಲ್ಲ ನಾನು ಔಷಧಿ ತರುವ ನೆಪದಲ್ಲಿ ಕೆಳಗೆ ಹೋಗಿದ್ದೆ. ಮಧ್ಯಾಹ್ನ ಪಟ್ಟಿ ಬದಲಾಯಿಸಬೇಕಿತ್ತು. ಹೆಡ್ ಸಿಸ್ಟರ್ ಅಮ್ಮನನ್ನು ಡ್ರೆಸಿಂಗ್ ರೂಮಿಗೇ ತರಿಸಿದ್ದರು. ಇಷ್ಟು ವರ್ಷ ನಾನು ರಾಜನ ಹಾಗೆ ಓಡಾಡಿದ ಕೋಣೆ. ಅದರ ಹೊರಗೆ, ರೋಗಿಗಳ ಕಡೆಯವರು ಕೂರುವ ಬೆಂಚಿನ ತುದಿಯಲ್ಲಿ ಕೂತಿದ್ದೆ.

"ಮಾಸ್ತರೇ, ಒಳಗೆ ಬನ್ನಿ. ಮಗ್ಗಲಿಗೆ ಹಿಡ್ಕೊಳ್ಳೋಕೆ ಒಂದು ಕೈ ಬೇಕು."

"ಆಯಾನ ಕಳಿಸ್ತೀನಿ ಸಿಸ್ಟರ್."

"ಆಯಾ ಊಟಕ್ಕೆ ಹೋಗಿದ್ದಾರೆ. ನಿಮ್ಮಮ್ಮ ನೋವಲ್ಲಿ ಕಾಯ್ತಿದ್ದಾರೆ. ಬರ್ತೀರೋ ಇಲ್ವೋ?"

ಹೋದೆ. ಅಮ್ಮನನ್ನು ನನ್ನ ಕಡೆ ತಿರುಗಿಸಿ ಹಿಡಿದುಕೊಂಡೆ. ಅವಳ ಮುಖ ನನ್ನ ಹೊಟ್ಟೆಗೆ ಒತ್ತಿಕೊಂಡಿತ್ತು. ಎಷ್ಟು ಹಗುರ ಇದ್ದಾಳೆ! ಮಗ್ಗಲು ತಿರುಗಿಸುವುದು ಹೇಗೆಂದು ಸ್ಟೂಲಿನ ಮೇಲೆ ಕೂತು ಹೇಳಿದವನಿಗೆ ಅಮ್ಮನ ತೂಕವೇ ಗೊತ್ತಿರಲಿಲ್ಲ. ಸಿಸ್ಟರ್ ಹಳೆಯ ಗಾಜ್ ತೆಗೆದರು. ಕಣ್ಣು ಮುಚ್ಚಿಕೊಳ್ಳೋಣ ಎಂದುಕೊಂಡೆ, ಮುಚ್ಚಲು ಆಗಲಿಲ್ಲ.

ಅಮ್ಮನ ಕುಂಡಿಯ ಮೇಲೆ, ಬೆನ್ನುಮೂಳೆ ಮುಗಿಯುವ ಕಡೆ, ನನ್ನ ಮುಷ್ಟಿ ಹಿಡಿಯುವಷ್ಟು ದೊಡ್ಡ ಗುಂಡಿ. ತಳದಲ್ಲಿ ಬೆಳ್ಳಗೆ ಕಾಣುತ್ತಿದ್ದದ್ದು ಮೂಳೆಯ ಮೇಲಿನ ಪೊರೆ. ಇದಕ್ಕಿಂತ ಘೋರವಾದದ್ದನ್ನು ಎಷ್ಟೋ ನೋಡಿದ್ದೇನೆ, ನೋಡಿ ಬಂದು ಊಟವನ್ನೂ ಮಾಡಿದ್ದೇನೆ. ಇದನ್ನು ನೋಡಿದಮೇಲೆ ಇವತ್ತು ಊಟ ಮಾಡಿಲ್ಲ. ಅಮ್ಮ ನನ್ನ ಅಂಗಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಎಷ್ಟು ದಿನದಿಂದ ನೋವಿತ್ತಮ್ಮ?" ಎಂದು ಸಿಸ್ಟರ್ ಕೇಳಿದರು.

"ಪಟ್ಟಿ ಹಾಕಿ ವಾರ ಆದಾಗಿಂದ," ಎಂದಳು ಅಮ್ಮ, ನನ್ನ ಹೊಟ್ಟೆಯೊಳಕ್ಕೆ ಮುಖ ಹುದುಗಿಸಿಕೊಂಡೇ.

ನನಗೆ ಇಲ್ಲ ಎಂದಿದ್ದಳು.

ಮಾರ್ಚ್ ೨೪, ಭಾನುವಾರ

ಜ್ವರ ಇಳಿದಿದೆ. ಅಕ್ಕ ಅವಳ ಮನೆಗೆ ಹೋದಳು. ಹೋಗುವಾಗ ನೆಂಟರಿಗೆಲ್ಲ ಫೋನ್ ಮಾಡಿ ಕಥೆ ಹೇಳಿಯೇ ಹೋಗಿರಬೇಕು. ಬೆಳಗಿನಿಂದ ನಮ್ಮ ಫೋನಿಗೆ ಪುರುಸೊತ್ತಿಲ್ಲ. ಎಲ್ಲರೂ ಇವಳನ್ನೇ ಕೇಳುತ್ತಾರೆ. "ನೀನು ನೋಡ್ಕೊಳ್ತಿರಲಿಲ್ವಂತೆ ಹೌದಾ?" ಎಂದು ಚಿಕ್ಕಮ್ಮ ಕೇಳಿದ್ದು ನನಗೂ ಕೇಳಿಸಿತು. ಇವಳು "ಹೂಂ ಚಿಕ್ಕಮ್ಮ, ತಪ್ಪಾಯ್ತು" ಎಂದು ಫೋನ್ ಇಟ್ಟು, ಆಸ್ಪತ್ರೆಯಲ್ಲಿರುವ ಅಮ್ಮನಿಗೆ ಒಯ್ಯಲು ಹಾಲು ಕಾಯಿಸತೊಡಗಿದಳು. ನಾನು ಪೇಪರು ಹಿಡಿದು ಕೂತಿದ್ದೆ. ಅದು ನಿನ್ನೆಯ ಪೇಪರು.

ಸಂಜೆ ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ ನಾನೊಬ್ಬನೇ ಇದ್ದೆ. ಮೂರು ದಿನದಿಂದ ಪಟ್ಟಿ ಬದಲಾಯಿಸುವಾಗ ಸಿಸ್ಟರ್ ಜೊತೆ ನಾನೂ ಕೈ ಹಾಕುತ್ತಿದ್ದೇನೆ. ಇವತ್ತು ಅವರು ಸುಮ್ಮನೆ ಪಕ್ಕದಲ್ಲಿ ನಿಂತುಕೊಂಡರು, ನಾನೇ ಮಾಡಿದೆ. ಮುಗಿಸಿ, ಅಮ್ಮನ ಬಟ್ಟೆ ಸರಿ ಮಾಡುತ್ತ ಎಂದೆ, "ಅಮ್ಮ, ನಿನಗೆ ನನ್ನೆದುರು ಸಂಕೋಚ ಆಗತ್ತೆ ಅಂತಲೇ ಮನೇಲಿ ನಾನು ಮಾಡಲಿಲ್ಲ. ನಿನ್ನ ಮಾನ ಉಳಿಸೋಕೆ ಹೋಗಿ ಹೀಗಾಯ್ತು."

ಅಮ್ಮ ಕಣ್ಣು ಮುಚ್ಚಿಕೊಂಡಳು. ನಿದ್ದೆ ಹತ್ತಿರಬೇಕು ಎಂದುಕೊಂಡೆ.

"ನನಗೆ ಸಂಕೋಚ ಅಂತ ನಾನು ಯಾವತ್ತು ಹೇಳ್ದೆನೋ?"

"ಹೇಳ್ಲಿಲ್ಲ. ಆದ್ರೆ…"

"ನಿನ್ನ ಹೆತ್ತಾಗ ಕೋಣೇಲಿ ಎಷ್ಟು ಜನ ಇದ್ರು ಗೊತ್ತಾ? ಎಂಬತ್ತರ ಹತ್ರ ಬಂದೋಳಿಗೆ ಇನ್ನು ಎಂಥಾ ಸಂಕೋಚ! ಪರದೆ ಎಳೆದೋನು ನೀನು. ಮೊದಲನೇ ದಿನಾನೇ ಎಳೆದೆ. ನಾನು ಅಂದ್ಕೊಂಡೆ, ಇವನಿಗೆ ನನ್ನ ಕಂಡ್ರೆ ಅಸಹ್ಯ ಆಗ್ತಿದೆ ಅಂತ."

"ಅಮ್ಮಾ!"

"ಅದಕ್ಕೇ ನೋವು ಅಂತ ಹೇಳೋಕೆ ಬಾಯಿ ಬರಲಿಲ್ಲ. ಹೇಳಿದ್ರೆ ನೀನು ನೋಡ್ಬೇಕಾಗತ್ತಲ್ಲ. ಮುದುಕಿ ಸುಮ್ಮನೆ ಬಿದ್ದಿದ್ರೆ ಮಗನಿಗೆ ಅಷ್ಟಾದ್ರೂ ತಪ್ಪತ್ತೆ ಅಂತ."

ಅಷ್ಟು ಹೇಳಿ ನೀರು ಕೇಳಿದಳು. ಕೊಟ್ಟೆ. ನನ್ನ ಕೈಯಿಂದ ಲೋಟ ತಗೊಳ್ಳುವಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ, ಒಗೆಯಲು ಹಾಕಿದ ಹೊದಿಕೆಗಳ ಗಂಟುಗಳ ನಡುವೆ ಕೂತು ಅತ್ತೆ. ದೊಡ್ಡ ಗಂಡಸು, ಸದ್ದು ಮಾಡಿ ಅತ್ತೆ.

ಅವಳ ಮಾನ ಉಳಿಸುವುದು ಎಂದು ಮೊದಲ ದಿನವೇ ಬರೆದಿದ್ದೇನೆ ಇಲ್ಲಿ. ಯಾರ ಮಾನ?

ಮಾರ್ಚ್ ೨೫, ಸೋಮವಾರ

ಡಾಕ್ಟರ ಕೋಣೆಗೆ ಹೋಗಿ ಹೇಳಿದೆ. "ಸರ್, ಮನೇಲಿ ಡ್ರೆಸಿಂಗ್ ಮಾಡಿದ್ದು ಅವಳ ಕೈ. ಮಾಡಿಸಿದ್ದು ನಾನು. ನೇರಳೆ ಕಲೆ ಇದೆ ಅಂತ ಅವಳು ಹೇಳಿದ್ಲು. ನಾನು ಎದ್ದು ನೋಡಲಿಲ್ಲ." ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಕೂತ್ಕೊಳ್ಳಿ" ಎನ್ನುವುದನ್ನು ಮರೆತರು. ಕೊನೆಗೆ, "ಹೊಸಬರ ಕ್ಲಾಸು ಈ ತಿಂಗಳು ಹೆಡ್ ಸಿಸ್ಟರ್ ತಗೊಳ್ಲಿ," ಎಂದರು. ಸರಿ ಸರ್ ಎಂದು ಬಂದೆ.

ಇವಳ ಹತ್ತಿರ ಮಾತಾಡಲು ಮೂರು ಸಲ ಅಡುಗೆಮನೆ ಬಾಗಿಲಿಗೆ ಹೋದೆ. ಮೂರು ಸಲವೂ ಏನಾದರೂ ಬೇಕಾ ಎಂದು ಕೇಳಿದಳು. ನೀರು ಎಂದೆ. ಹೊಟ್ಟೆ ತುಂಬ ನೀರಾಯಿತು.

ಏಪ್ರಿಲ್ ೨, ಮಂಗಳವಾರ

ಅಮ್ಮನನ್ನು ಮನೆಗೆ ತಂದೆವು. ಮಂಚವನ್ನು ಕಿಟಕಿಯ ಬಳಿಗೆ ಎಳೆದು ಹಾಕಿದ್ದೇನೆ, ಬೆಳಕು ಚೆನ್ನಾಗಿ ಬೀಳುತ್ತದೆ. ಗಾಳಿ ತುಂಬುವ ಹಾಸಿಗೆ ಹಾಕಿಸಿದ್ದೇನೆ. ಗಾಯ ತುಂಬಲು ತಿಂಗಳುಗಳೇ ಬೇಕು, ಅಂಚಿನಲ್ಲಿ ಕೆಂಪಗೆ ಹೊಸ ಮಾಂಸ ಕಾಣುತ್ತಿದೆ, ತಳ ಇನ್ನೂ ಹಳದಿ. ಹಿಮ್ಮಡಿಗಳಿಗೂ ಮೆತ್ತನೆ ಪಟ್ಟಿ ಹಚ್ಚಿ, ಬೆಳಿಗ್ಗೆ ಸಂಜೆ ಬಿಡಿಸಿ ನೋಡುತ್ತೇನೆ. ಎಡಗಡೆ ಮಗ್ಗಲಾದಾಗ ಅವಳಿಗೆ ಸೊಂಟ ನೋಯುತ್ತದೆ, ಬಲಗಡೆ ಹೆಚ್ಚು ಹೊತ್ತು ಇರಬಲ್ಲಳು, ಮೊಣಕಾಲ ನಡುವೆ ಸಣ್ಣ ದಿಂಬು ಇರಲೇಬೇಕು, ದೊಡ್ಡದು ಆಗುವುದಿಲ್ಲ. ಇದನ್ನೆಲ್ಲ ಇವಳು ಒಂದು ತಿಂಗಳಿಂದ ಬಲ್ಲಳು. ನಾನು ಇವಳನ್ನು ಕೇಳಿ ಕೇಳಿ ಕಲಿಯುತ್ತಿದ್ದೇನೆ.

ಪಟ್ಟಿ ಬದಲಾಯಿಸುವಾಗ ಅಮ್ಮ ಬಯ್ಯುತ್ತಾಳೆ. "ಮೆಲ್ಲಗೋ! ಬಟ್ಟೆ ಹರಿಯೋ ಹಾಗೆ ಹರೀತೀಯಲ್ಲೋ! ನೀನೇನಾದ್ರೂ ನನ್ನ ಹೊಲಿಗೆ ಅಂಗಡೀಲಿ ಕೆಲಸಕ್ಕಿದ್ದಿದ್ರೆ ಸಂಜೆಗೇ ಮನೆಗೆ ಕಳಿಸ್ತಿದ್ದೆ!" ಬಯ್ಯಲಿ. ಪ್ರತಿಯೊಂದು ನೋವನ್ನೂ ಬಾಯಿ ಬಿಟ್ಟು ಹೇಳುತ್ತಿದ್ದಾಳೆ.

ನನ್ನ ಹೆಂಡತಿ ನಗುವುದು ಅಮ್ಮನ ಮಾತಿಗೆ ಮಾತ್ರ. ನನಗೆ ಉತ್ತರ ಕೊಡುತ್ತಾಳೆ, ಊಟಕ್ಕೆ ಕರೆಯುತ್ತಾಳೆ, ಅಷ್ಟೇ. ಮೊನ್ನೆ ಬಾಗಿಲಲ್ಲಿ ಪಕ್ಕದ ಮನೆಯಾಕೆ "ಅತ್ತೆ ಹೇಗಿದ್ದಾರೆ?" ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿ ಒಳಗೆ ಬಂದುಬಿಟ್ಟಳು. ಇವಳು ಬೀದಿಯಲ್ಲಿ ನಿಂತು ಮಾತಾಡಿ ಎಷ್ಟು ದಿನವಾಯಿತು ಎಂದು ಆಗ ಹೊಳೆಯಿತು. ಡಾಕ್ಟರಿಗೆ ಹೇಳಿದೆ. ನೆಂಟರಿಗೆ ಹೇಳಿಲ್ಲ, ಅಕ್ಕನಿಗೆ ಹೇಳಿಲ್ಲ. ಅಕ್ಕ ನನ್ನನ್ನು ಚಿಕ್ಕಂದಿನಿಂದ ಎತ್ತಿ ಆಡಿಸಿದವಳು, ನಾನು ಎಂದರೆ ಅವಳಿಗೆ ದೊಡ್ಡ ಹೆಮ್ಮೆ. ಫೋನ್ ಕೈಗೆತ್ತಿಕೊಳ್ಳುತ್ತೇನೆ, ಇಡುತ್ತೇನೆ. ಎದುರಿಗೇ ಹೇಳಬೇಕು. ಭಾನುವಾರ ಬರುತ್ತಾಳೆ.

ಏಪ್ರಿಲ್ ೭, ಭಾನುವಾರ

ಅಕ್ಕ ಬಂದಳು, ಊಟ ಮಾಡಿದಳು, ಹೋದಳು. ಕ್ರಮವಾಗಿ ಬರೆಯುತ್ತೇನೆ.

ಊಟಕ್ಕೆ ಕೂತಾಗ ಬಡಿಸುತ್ತಿದ್ದ ನನ್ನ ಹೆಂಡತಿಯನ್ನು ನೋಡಿ ಅಕ್ಕ, "ಈಗಲಾದ್ರೂ ಕಣ್ಣು ಬಿಟ್ಟುಕೊಂಡು ನೋಡ್ಕೊಳ್ತಿದ್ದೀಯಾ?" ಎಂದಳು. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಅಕ್ಕ, ಅವಳದ್ದೇನೂ ತಪ್ಪಿಲ್ಲ. ಕಪ್ಪು ಕಲೆ ಇದೆ, ಬಂದು ನೋಡಿ ಅಂತ ಅವಳು ಮೊದಲೇ ಹೇಳಿದ್ಲು. ನಾನು ಬಯ್ದು ಬಾಯಿ ಮುಚ್ಚಿಸಿದೆ. ಪಟ್ಟಿ ತೆಗೀಬೇಡ ಅಂತ ಹೇಳಿದ್ದೂ ನಾನೇ. ವಾಸನೆ ಬಂದಾಗ ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ ಚರಂಡಿ ರಿಪೇರಿ ಮಾಡಿಸಿದೆ. ಅಮ್ಮನ ಗಾಯಕ್ಕೆ ಕಾರಣ ನಾನು."

ಅಕ್ಕ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. ಈಗ ಬಯ್ಯುತ್ತಾಳೆ, ಬಯ್ಯಲಿ ಎಂದು ಕಾದೆ.

"ನೀನು ಚಿಕ್ಕಂದಿನಿಂದಲೂ ಹೀಗೇ ಕಣೋ," ಎಂದಳು. ಎಡಗೈಯಿಂದ ನನ್ನ ಬೆನ್ನು ಸವರಿದಳು. "ಬೇರೆಯವರ ತಪ್ಪನ್ನ ಮೈಮೇಲೆ ಎಳ್ಕೊಳ್ತೀಯ. ಚರಂಡಿ ಅಂತೆ, ಚರಂಡಿ! ಕಥೆ ಕಟ್ಟೋಕೂ ಬರಲ್ಲ ನಿನಗೆ." ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ನೋಡಿದ್ಯಾ? ಇಂಥ ಗಂಡ ಯಾರಿಗೆ ಸಿಗ್ತಾನೆ? ನಿನ್ನ ಮಾನ ಕಾಯೋಕೆ ತನ್ನ ಹೆಸರನ್ನೇ ಹಾಳು ಮಾಡ್ಕೊಳ್ತಿದ್ದಾನೆ. ಇನ್ನಾದ್ರೂ ಅವನಿಗೆ ತಕ್ಕ ಹಾಗೆ ಇರು," ಎಂದಳು.

"ಅಕ್ಕ, ನಾನು ಹೇಳ್ತಿರೋದು ನಿಜ!" ಕೂಗಿಯೇ ಹೇಳಿದೆ.

ಮಂಚದ ಮೇಲಿಂದ ಅಮ್ಮನೂ ಹೇಳಿದಳು, "ಅವನು ಹೇಳ್ತಿರೋದು ನಿಜ ಕಣೇ. ಇವಳು ಒಬ್ಬಳೇ ನನ್ನ ನೋಡಿದ್ದು."

"ನೀನು ಸುಮ್ನಿರಮ್ಮ. ಸೊಸೆ ಕೈಯಲ್ಲಿ ಇರಬೇಕಾದೋಳು, ಇನ್ನೇನು ಹೇಳ್ತೀಯ," ಎಂದು ಅಕ್ಕ ಅವಳ ಮಾತನ್ನೂ ತಳ್ಳಿಹಾಕಿದಳು. ಹೋಗುವ ಮುಂಚೆ ಬಾಗಿಲಲ್ಲಿ ನನ್ನ ಕೆನ್ನೆ ಮುಟ್ಟಿ, ನ್ಯಾಯವಂತ ಎಂದಳು. ಈ ವಿಷಯವನ್ನೂ ನೆಂಟರಿಗೆಲ್ಲ ಹೇಳುತ್ತಾಳೆ. ಇಷ್ಟು ಹೊತ್ತಿಗೆ ಚಿಕ್ಕಮ್ಮನಿಗೆ ಹೇಳಿ ಆಗಿರುತ್ತದೆ.

ಅಕ್ಕ ಹೋದಮೇಲೆ ಪಟ್ಟಿ ಬದಲಾಯಿಸುವ ಹೊತ್ತಾಗಿತ್ತು. ನಾನು ಉಪ್ಪುನೀರು, ಗಾಜ್ ಎಲ್ಲ ತಟ್ಟೆಯಲ್ಲಿ ಜೋಡಿಸಿಟ್ಟೆ. ನನ್ನ ಹೆಂಡತಿ ಎದುರುಗಡೆ ಬಂದು ನಿಂತಳು.

"ನಾನು ಹೇಳ್ದೆನಲ್ಲ," ಎಂದೆ. ನನ್ನ ಧ್ವನಿ ನನಗೇ ಅಸಹ್ಯವಾಗುವ ಹಾಗಿತ್ತು, ಬೇಡುವವನದ್ದು. "ಬಿಡದೆ ಎಲ್ಲಾ ಹೇಳ್ದೆ. ನೀನೂ ಕೇಳಿಸ್ಕೊಂಡೆ. ಅವಳು ನಂಬಲಿಲ್ಲ, ನಾನೇನು ಮಾಡ್ಲಿ?"

ಅವಳು ಅಮ್ಮನ ಬೆನ್ನ ಹಿಂದೆ ದಿಂಬು ಸರಿ ಮಾಡುತ್ತಿದ್ದಳು. ಸಿಟ್ಟಿನಿಂದ ಹೇಳಲಿಲ್ಲ, ಅತ್ತೂ ಹೇಳಲಿಲ್ಲ.

"ಅವತ್ತೇ ಹೇಳಿದ್ದಿದ್ರೆ ನಂಬ್ತಿದ್ರು."

ನಾನು ಕೈ ತೊಳೆದು ಬಂದೆ. ಅವಳು "ಅತ್ತೇ, ಈ ಕಡೆ ತಿರುಗಿ," ಎಂದು ಅಮ್ಮನ ಭುಜಕ್ಕೆ ಕೈ ಕೊಟ್ಟಳು. ಅಮ್ಮ ಅವಳ ಕಡೆ ತಿರುಗಿ, ಅವಳ ಹೊಟ್ಟೆಗೆ ಮುಖ ಒತ್ತಿಕೊಂಡಳು. ಇಬ್ಬರೂ ನಾನು ಕೆಲಸ ಶುರು ಮಾಡಲೆಂದು ಕಾಯುತ್ತಿದ್ದರು.